ಊರಿನ ಹೆಸರು ಮನೆತನದ ಹೆಸರಾದ ಬಗೆ: ಬೇ ಏರಿಯಾದ ಕನ್ನಡ ಅಡ್ಡಹೆಸರುಗಳು

ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದ ಕನ್ನಡ ಮನೆಗಳಲ್ಲಿ ಇಂದು ಅಡ್ಡಹೆಸರುಗಳಾಗಿ ನಡೆಯುತ್ತಿರುವ ಎಷ್ಟೋ ಹೆಸರುಗಳು ಕರ್ನಾಟಕದಲ್ಲಿ ಅಡ್ಡಹೆಸರುಗಳೇ ಅಲ್ಲ. ಮಳವಳ್ಳಿ, ಮದ್ದೂರು, ಚನ್ನರಾಯಪಟ್ಟಣ ಇವು ಊರುಗಳು. ಶಿವಣ್ಣ, ರಾಮಯ್ಯ, ನಂಜುಂಡಪ್ಪ ಇವು ತಂದೆಯದೋ ಅಜ್ಜನದೋ ಸ್ವಂತ ಹೆಸರುಗಳು. ಹಳೆ ಮೈಸೂರಿನ ಕಡೆ ಇವೆಲ್ಲ ಹೆಸರಿಗೆ ಮೊದಲು, ಚುಕ್ಕೆ ಇಟ್ಟ ಒಂದೊಂದು ಅಕ್ಷರವಾಗಿ ನಿಂತಿದ್ದವು. ಅಮೆರಿಕದ ಅರ್ಜಿ ನಮೂನೆಯಲ್ಲಿ ‘ಲಾಸ್ಟ್ ನೇಮ್’ ಎಂಬ ಖಾನೆ ಎದುರಾದಾಗ ಅವೇ ಪೂರ್ತಿ ರೂಪ ತಾಳಿ ಹೆಸರಿನ ಕೊನೆಗೆ ಬಂದು ಕೂತವು, ಅಲ್ಲಿಂದ ಮಕ್ಕಳಿಗೂ ದಾಟಿದವು. ಉತ್ತರ ಕರ್ನಾಟಕ, ಕರಾವಳಿ ಮತ್ತು ಕೊಡಗಿನವರಿಗೆ ಮನೆತನದ ಹೆಸರು ಮೊದಲಿಂದಲೂ ಇತ್ತು. ಆದರೆ ಅದು ಮಾಡುತ್ತಿದ್ದ ಕೆಲಸ ಅವರ ಪಾಲಿಗೂ ಬದಲಾಯಿತು. ಒಬ್ಬನನ್ನು ಇನ್ನೊಬ್ಬನಿಂದ ಬೇರೆಯಾಗಿ ಗುರುತಿಸಲು ಇದ್ದ ಮಾತು ವಂಶದುದ್ದಕ್ಕೂ ಸಾಗುವ ಹೆಸರಾಗಿ ಗಟ್ಟಿಯಾದದ್ದು ಹೆಚ್ಚೆಂದರೆ ಎರಡು ತಲೆಮಾರಿನ ಇತಿಹಾಸ.

ಹೆಸರಿಗೆ ಮೊದಲು ಬರುವ ಗುರುತು

ಕನ್ನಡದಲ್ಲಿ ವಿಶೇಷಣ ಮೊದಲು, ವಿಶೇಷ್ಯ ಆಮೇಲೆ. ಜನರ ಹೆಸರಿಗೂ ಇದೇ ಕ್ರಮ. 12ನೇ ಶತಮಾನದ ಶರಣರ ಹೆಸರುಗಳನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ: ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಹಡಪದ ಅಪ್ಪಣ್ಣ, ಮೇದರ ಕೇತಯ್ಯ, ನುಲಿಯ ಚಂದಯ್ಯ, ಆಯ್ದಕ್ಕಿ ಮಾರಯ್ಯ. ಕಾಯಕ ಮೊದಲು ಬರುತ್ತದೆ, ಹೆಸರು ನಂತರ. ಮಾರಯ್ಯ ಎಂಬ ಹೆಸರಿನವರು ಹಲವರಿದ್ದರು. ಅಕ್ಕಿ ಆಯುವ ಕಾಯಕದ ಮಾರಯ್ಯ ಯಾರೆಂದು ಹೇಳಲು ‘ಆಯ್ದಕ್ಕಿ’ ಬೇಕಾಯಿತು. ಆ ಮಾತು ಅವರ ಬದುಕಿಗೆ ಸೇರಿದ್ದೇ ಹೊರತು ವಂಶಕ್ಕೆ ಹಾಕಿದ ಮುದ್ರೆಯಾಗಿರಲಿಲ್ಲ.

ಆಧುನಿಕ ಕಾಲದಲ್ಲೂ ಹಳೆ ಮೈಸೂರಿನಲ್ಲಿ ಈ ಕ್ರಮವೇ ಉಳಿಯಿತು. ಮೊದಲು ಊರು, ನಂತರ ತಂದೆ, ಕೊನೆಗೆ ತನ್ನ ಹೆಸರು. ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ ಡಿ.ವಿ.ಜಿ. ಆದರು, ಬೆಳ್ಳೂರು ಮೈಲಾರಯ್ಯ ಶ್ರೀಕಂಠಯ್ಯ ಬಿ.ಎಂ.ಶ್ರೀ ಆದರು, ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪನವರ ಮೂರೂ ಭಾಗಗಳ ಮೊದಲ ಅಕ್ಷರ ಸೇರಿ ‘ಕುವೆಂಪು’ ಎಂಬ ಕಾವ್ಯನಾಮವೇ ಹುಟ್ಟಿತು. ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರನ್ನು ನಾಡು ‘ಮಾಸ್ತಿ’ ಎಂದು ಕರೆದದ್ದು ಅವರ ಊರಿನ ಹೆಸರಿನಿಂದ. ಶಾಲೆಯ ಹಾಜರಿ ಪುಸ್ತಕ, ಸರ್ಕಾರಿ ಕಡತ, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಗಳಲ್ಲಿ ಊರು ಮತ್ತು ತಂದೆಯ ಹೆಸರು ಇನಿಷಿಯಲ್ ಆಗಿ ಕಿರಿದಾದವು. ಮಗನ ಹೆಸರಿಗೆ ತಂದೆಯ ಹೆಸರಿನ ಅಕ್ಷರ, ಮೊಮ್ಮಗನ ಹೆಸರಿಗೆ ಮಗನ ಹೆಸರಿನ ಅಕ್ಷರ. ಹೀಗೆ ತಲೆಮಾರಿಗೊಮ್ಮೆ ಇನಿಷಿಯಲ್ ಬದಲಾಗುತ್ತಿತ್ತು. ಮದುವೆಯಾದ ಹೆಣ್ಣು ತಂದೆಯ ಅಕ್ಷರ ಬಿಟ್ಟು ಗಂಡನ ಅಕ್ಷರ ಹಾಕಿಕೊಳ್ಳುವುದೂ, ಗಂಡನ ಹೆಸರನ್ನೇ ತನ್ನ ಹೆಸರಿನ ಕೊನೆಗೆ ಸೇರಿಸಿಕೊಳ್ಳುವುದೂ ಬಳಕೆಯಲ್ಲಿತ್ತು. ಜಮೀನಿನ ದಾಖಲೆಗಳಲ್ಲಿ ಇದಕ್ಕೇ ಬೇರೆ ಮಾತುಗಳಿವೆ: ‘ಬಿನ್’ ಎಂದರೆ ಇಂಥವರ ಮಗ, ‘ಕೋಂ’ ಎಂದರೆ ಇಂಥವರ ಹೆಂಡತಿ. ಅಲ್ಲಿ ಯಾರಿಗೂ ಅಡ್ಡಹೆಸರು ಬೇಕಾಗಲಿಲ್ಲ; ಯಾರ ಮಗ, ಯಾರ ಹೆಂಡತಿ ಎಂದು ತಿಳಿದರೆ ಸಾಕಿತ್ತು.

ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ, ವಿಜಯಪುರದ ಕಡೆ ಕ್ರಮ ತಿರುಗಿತು. ಅಲ್ಲಿ ಮೊದಲು ಸ್ವಂತ ಹೆಸರು, ನಂತರ ತಂದೆಯ ಹೆಸರು, ಕೊನೆಗೆ ಅಡ್ಡಹೆಸರು: ದತ್ತಾತ್ರೇಯ ರಾಮಚಂದ್ರ ಬೇಂದ್ರೆ, ವಿನಾಯಕ ಕೃಷ್ಣ ಗೋಕಾಕ. ಆದರೂ ಹಳೆಯ ಕನ್ನಡ ಕ್ರಮ ಪೂರ್ತಿ ಅಳಿಯಲಿಲ್ಲ. ಹುಬ್ಬಳ್ಳಿಯ ‘ಪ್ರಪಂಚ’ ಪತ್ರಿಕೆಯ ಸಂಪಾದಕರು ತಮ್ಮ ಅಡ್ಡಹೆಸರನ್ನು ಮುಂದಿಟ್ಟು ‘ಪಾಟೀಲ ಪುಟ್ಟಪ್ಪ’ ಎಂದೇ ಹೆಸರಾದರು, ಜನರ ಬಾಯಲ್ಲಿ ‘ಪಾಪು’ ಆದರು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಓದಿ ಬಂದ ಮೇಲೂ ಆ ಕ್ರಮ ಬದಲಾಗಲಿಲ್ಲ.

ಉತ್ತರ ಕರ್ನಾಟಕದ ಅಡ್ಡಹೆಸರುಗಳ ಸಂಪತ್ತು ದೊಡ್ಡದು. ಊರಿನಿಂದ ಬಂದವು ಗೋಕಾಕ, ಜಮಖಂಡಿ, ಬಾಗಲಕೋಟಿ, ಇಟಗಿ. ಕಸುಬಿನಿಂದ ಬಂದವು ಬಡಿಗೇರ, ಕಂಬಾರ, ಪತ್ತಾರ, ಗಾಣಿಗೇರ, ಹಡಪದ. ಮಾರುವ ಇಲ್ಲವೇ ಬೆಳೆಯುವ ಪದಾರ್ಥದಿಂದ ಬಂದವು ಬೆಲ್ಲದ, ಅಕ್ಕಿ, ಮೆಣಸಿನಕಾಯಿ, ಉಳ್ಳಾಗಡ್ಡಿ. ಮನೆಯ ಬಗೆಯಿಂದ ಇಲ್ಲವೇ ಅದಿರುವ ಜಾಗದಿಂದ ಬಂದವು ಹೊಸಮನಿ, ದೊಡ್ಡಮನಿ, ಮೂಲಿಮನಿ. ಮಠದ ಸಂಬಂಧದಿಂದ ಹಿರೇಮಠ, ಚಿಕ್ಕಮಠ, ಸಾಲಿಮಠ. ಅಧಿಕಾರದಿಂದ ಪಾಟೀಲ, ಕುಲಕರ್ಣಿ, ದೇಸಾಯಿ, ದೇಶಪಾಂಡೆ, ನಾಡಗೌಡ. ಇವುಗಳಲ್ಲಿ ಹಲವು ‘ರ’ಕಾರದಿಂದ ಕೊನೆಯಾಗುವುದಕ್ಕೆ ಕಾರಣವಿದೆ. ‘ಬಡಿಗೇರ ಮನಿ’, ‘ಗೌಡರ ಹುಡುಗ’ ಎಂಬಂಥ ಷಷ್ಠೀ ವಿಭಕ್ತಿಯ ಮಾತಿನಿಂದ ಮುಂದಿನ ಪದ ಕಳಚಿಬಿದ್ದು, ‘ಬಡಿಗೇರ’, ‘ಗೌಡರ’ ಎಂಬುದಷ್ಟೇ ಹೆಸರಾಗಿ ಉಳಿಯಿತು. ಬೆಲ್ಲದ, ಹಡಪದ ಎಂಬಲ್ಲಿನ ‘ದ’ಕಾರವೂ ಹಾಗೆಯೇ ಉಳಿದದ್ದು. ಇನ್ನು ಅಧಿಕಾರದ ಹೆಸರುಗಳ ಹಿಂದಿನ ಹುದ್ದೆಗಳು ಸ್ವಾತಂತ್ರ್ಯದ ನಂತರದ ರದ್ದಿಯಾತಿ ಕಾಯ್ದೆಗಳಿಂದ ಹೋದವು. ಕುಲಕರ್ಣಿಕೆ, ಶಾನುಭೋಗಿಕೆ ಮುಗಿದವು. ಕುಲಕರ್ಣಿ, ಶಾನುಭಾಗ ಎಂಬ ಹೆಸರುಗಳು ಮುಂದುವರಿದವು.

ಕರಾವಳಿಯಲ್ಲಿ ಎರಡೂ ಪದ್ಧತಿ ಕೂಡಿಕೊಂಡವು. ಕೋಟ ಶಿವರಾಮ ಕಾರಂತ ಎಂಬಲ್ಲಿ ಮೊದಲು ಊರು, ಕೊನೆಗೆ ಮನೆತನ. ಕಾಸರಗೋಡಿನ ಕವಿ ಕಯ್ಯಾರ ಕಿಞ್ಞಣ್ಣ ರೈ ಅವರ ಹೆಸರೂ ಅದೇ ಅಚ್ಚಿನದು. ಕೊಡಗಿನಲ್ಲಿ ಒಕ್ಕದ, ಎಂದರೆ ಮನೆತನದ, ಹೆಸರು ಮುಂದೆ ಬರುತ್ತದೆ: ಕೊಡಂದೇರ ಮಾದಪ್ಪ ಕಾರ್ಯಪ್ಪ. ಒಂದೇ ರಾಜ್ಯದೊಳಗೆ ಹೆಸರಿನ ಕಟ್ಟಡ ಹೀಗೆ ನಾಲ್ಕಾರು ಬಗೆಯದು. ಮನೆತನದ ಹೆಸರು ಕೆಲವರಿಗೆ ಮೊದಲಿಗೆ, ಕೆಲವರಿಗೆ ಕೊನೆಗೆ. ಕೆಲವರಿಗೆ ಅದು ಇಲ್ಲವೇ ಇಲ್ಲ.

ಬೇ ಏರಿಯಾಗೆ ಬಂದ ಹೆಸರುಗಳು

ಮನೆತನಕ್ಕೊಂದು ಸ್ಥಿರವಾದ ಹೆಸರು ಇರಲೇಬೇಕೆಂಬ ನಿಯಮ ಜಗತ್ತಿನ ಬಹುಪಾಲು ಕಡೆ ಆಡಳಿತದಿಂದ ಬಂದದ್ದು. ಜಪಾನ್ 1875ರಲ್ಲಿ ಎಲ್ಲ ಪ್ರಜೆಗಳಿಗೂ ಅಡ್ಡಹೆಸರು ಕಡ್ಡಾಯ ಮಾಡಿತು. ತುರ್ಕಿ 1934ರಲ್ಲಿ ಅದಕ್ಕೆಂದೇ ಕಾನೂನು ತಂದಿತು. ಐಸ್‌ಲ್ಯಾಂಡಿನ ಜನ ಮಾತ್ರ ಇಂದಿಗೂ ಹೆಚ್ಚಾಗಿ ತಂದೆಯ ಅಥವಾ ತಾಯಿಯ ಹೆಸರನ್ನೇ ತಮ್ಮ ಹೆಸರಿನ ಎರಡನೆಯ ಭಾಗ ಮಾಡಿಕೊಳ್ಳುತ್ತಾರೆ. ಅಲ್ಲಿ ಅದು ತಲೆಮಾರಿಗೊಮ್ಮೆ ಬದಲಾಗುತ್ತದೆ. ಹಳೆ ಮೈಸೂರಿನ ಪದ್ಧತಿಗೆ ಹತ್ತಿರದ್ದು ಈ ಐಸ್‌ಲ್ಯಾಂಡಿನ ಪದ್ಧತಿಯೇ. ಬೇ ಏರಿಯಾಗೆ ಬಂದ ಕನ್ನಡಿಗರು ಎದುರಿಸಿದ್ದು ಮೊದಲನೆಯ ಬಗೆಯ ಆಡಳಿತವನ್ನು.

ಹೊಸಬರ ಹೆಸರನ್ನು ಕಾಗದ ತಿದ್ದುವುದು ಈ ಕೊಲ್ಲಿಯ ಸುತ್ತ ಹಳೆಯ ಸಂಗತಿ. 1906ರ ಏಪ್ರಿಲ್ 18ರ ಭೂಕಂಪ ಮತ್ತು ಬೆಂಕಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದ ಜನನ ದಾಖಲೆಗಳು ನಾಶವಾದವು. ಚೀನೀಯರ ವಲಸೆಗೆ ನಿಷೇಧವಿದ್ದ ಆ ಕಾಲದಲ್ಲಿ ಹಲವು ಚೀನೀ ಯುವಕರು ಅಮೆರಿಕದ ಪ್ರಜೆಗಳ ಮಕ್ಕಳೆಂದು ಹೇಳಿಕೊಂಡು, ಬೇರೆ ಮನೆತನದ ಹೆಸರು ಹೊತ್ತು ಬಂದರು. ‘ಕಾಗದದ ಮಕ್ಕಳು’ ಎಂದು ಹೆಸರಾದ ಇವರನ್ನು 1910ರಿಂದ 1940ರವರೆಗೆ ಏಂಜೆಲ್ ದ್ವೀಪದ ವಲಸೆ ಠಾಣೆಯಲ್ಲಿ ಕೂರಿಸಿ ಊರು, ಮನೆ, ನೆರೆಹೊರೆಯ ವಿವರಗಳನ್ನು ಕೆದಕಿ ಕೇಳುತ್ತಿದ್ದರು. ಅಂಥ ಎಷ್ಟೋ ಕುಟುಂಬಗಳಲ್ಲಿ ಮನೆಯೊಳಗೆ ಒಂದು ಮನೆತನದ ಹೆಸರು, ದಾಖಲೆಯಲ್ಲಿ ಇನ್ನೊಂದು ಎಂಬಂತೆ ತಲೆಮಾರುಗಳು ಕಳೆದವು. ಕನ್ನಡಿಗರು ಆ ಬಗೆಯ ಕಷ್ಟಕ್ಕೆ ಸಿಕ್ಕಲಿಲ್ಲ; ಆದರೆ ಒಮ್ಮೆ ಕಾಗದದ ಮೇಲೆ ಬಿದ್ದ ಹೆಸರು ಮನೆತನದ ಹೆಸರಾಗಿಬಿಡುತ್ತದೆ ಎಂಬ ಮಾತು ಅವರ ವಿಷಯದಲ್ಲೂ ನಿಜವಾಯಿತು.

ಇನಿಷಿಯಲ್ ಪದ್ಧತಿಯ ದಕ್ಷಿಣ ಭಾರತೀಯರು ಬೇ ಏರಿಯಾದಲ್ಲಿ ಕಂಡ ಮೊದಲ ದಾರಿ ತಂದೆಯ ಹೆಸರನ್ನು ಕೊನೆಗೆ ಇಡುವುದು. 1958ರಲ್ಲಿ ಬರ್ಕ್ಲಿಗೆ ಓದಲು ಬಂದ ಶ್ಯಾಮಲಾ ಅವರ ತಂದೆ ಪಿ.ವಿ. ಗೋಪಾಲನ್, ಅಮೆರಿಕದಲ್ಲಿ ಅವರು ಶ್ಯಾಮಲಾ ಗೋಪಾಲನ್ ಆದರು. ಶ್ಯಾಮಲಾ ಅವರ ಮಗಳೇ ಮುಂದೆ ಅಮೆರಿಕದ ಉಪಾಧ್ಯಕ್ಷೆಯಾದ ಕಮಲಾ ಹ್ಯಾರಿಸ್. ಮೌಂಟನ್ ವ್ಯೂನ ಗೂಗಲ್ ಸಂಸ್ಥೆಯನ್ನು ನಡೆಸುವ ಸುಂದರ್ ಪಿಚೈ ಅವರ ಹೆಸರಿನಲ್ಲೂ ಕೊನೆಗೆ ನಿಂತಿರುವುದು ತಂದೆಯ ಹೆಸರೇ. ಈ ಇಬ್ಬರದೂ ತಮಿಳು ಮನೆತನಗಳು. ಪದ್ಧತಿ ಮಾತ್ರ ಹಳೆ ಮೈಸೂರಿನ ಕನ್ನಡಿಗರದೂ ಹೌದು. ಸ್ವಂತ ಹೆಸರನ್ನೇ ಕೊನೆಯ ಹೆಸರಾಗಿ ಉಳಿಸಿಕೊಂಡವರಲ್ಲಿ ಮೈಸೂರಿನಲ್ಲಿ ಹುಟ್ಟಿದ ಕವಿ, ವಿದ್ವಾಂಸ ಎ.ಕೆ. ರಾಮಾನುಜನ್ ಪ್ರಸಿದ್ಧರು. ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಅವರು ಬರ್ಕ್ಲಿಯಲ್ಲೂ ಪಾಠ ಹೇಳಿದ್ದರು. ಅವರ ಹೆಸರಿನ ಮೊದಲ ಎರಡು ಅಕ್ಷರ ಊರು ಮತ್ತು ತಂದೆಯದು.

1965ರ ವಲಸೆ ಕಾಯ್ದೆ ದೇಶವಾರು ಕೋಟಾ ಪದ್ಧತಿಯನ್ನು ತೆಗೆದ ಮೇಲೆ ಎಂಜಿನಿಯರುಗಳು, ವೈದ್ಯರು, ಸಂಶೋಧಕರು ಹೆಚ್ಚಾಗಿ ಬರತೊಡಗಿದರು. 1973ರಲ್ಲಿ ಉತ್ತರ ಕ್ಯಾಲಿಫೋರ್ನಿಯಾ ಕನ್ನಡ ಕೂಟ ಹುಟ್ಟಿತು. ಗೋಲ್ಡನ್ ಗೇಟ್ ಸೇತುವೆಯನ್ನು ನೆನಪಿಸುವ ‘ಸ್ವರ್ಣಸೇತು’ ಅದರ ಸಂಚಿಕೆಯ ಹೆಸರು. 1990ರ ವಲಸೆ ಕಾಯ್ದೆಯಿಂದ ಎಚ್-1ಬಿ ವೀಸಾ ಬಂತು, ಸಾಫ್ಟ್‌ವೇರ್ ಉದ್ಯಮ ಬೆಳೆಯಿತು, ಸನಿವೇಲ್, ಸ್ಯಾಂಟಾ ಕ್ಲಾರಾ, ಕ್ಯೂಪರ್ಟಿನೋ, ಮಿಲ್ಪಿಟಾಸ್, ಫ್ರೀಮಾಂಟ್‌ಗಳಲ್ಲಿ ಕನ್ನಡ ಮನೆಗಳು ಹೆಚ್ಚಿದವು. 2014ರಲ್ಲಿ ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ ‘ಅಕ್ಕ’ದ ವಿಶ್ವ ಕನ್ನಡ ಸಮ್ಮೇಳನ ಸ್ಯಾನ್ ಹೋಸೆಯಲ್ಲಿ ನಡೆಯಿತು. ಬಂದವರಲ್ಲಿ ಕರ್ನಾಟಕದ ಎಲ್ಲ ಭಾಗದವರೂ ಇದ್ದುದರಿಂದ ಹೆಸರಿನ ಎಲ್ಲ ಪದ್ಧತಿಗಳೂ ಇಲ್ಲಿ ಒಟ್ಟಿಗೆ ಸೇರಿದವು.

ಆ ಕಾಲದ ಉದ್ಯಮಿಗಳ ಹೆಸರುಗಳಲ್ಲೇ ಎರಡು ದಾರಿಗಳು ಕಾಣುತ್ತವೆ. ಕಂಪ್ಯೂಟರ್ ಸಂಗ್ರಹ ಜಾಲಗಳ ‘ಫೈಬರ್ ಚಾನೆಲ್’ ತಂತ್ರಜ್ಞಾನಕ್ಕೆ ದುಡಿದ, 1995ರಲ್ಲಿ ಬ್ರೋಕೇಡ್ ಕಂಪನಿಯನ್ನು ಕಟ್ಟಿದವರಲ್ಲಿ ಒಬ್ಬರಾದ ಕುಮಾರ್ ಮಳವಳ್ಳಿ ಅವರ ಹೆಸರಿನ ಕೊನೆಗಿರುವುದು ಮಂಡ್ಯ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ. 1994ರಲ್ಲಿ ಆರಂಭವಾದ ಎಕ್ಸೋಡಸ್ ಕಮ್ಯುನಿಕೇಶನ್ಸ್‌ನ ಸ್ಥಾಪಕರಲ್ಲಿ ಒಬ್ಬರಾದ ಬಿ.ವಿ. ಜಗದೀಶ್ ಇನಿಷಿಯಲ್‌ಗಳನ್ನು ಮೊದಲಿಗೇ ಉಳಿಸಿಕೊಂಡು ಸ್ವಂತ ಹೆಸರನ್ನು ಕೊನೆಗೆ ಇಟ್ಟವರು. ಮೂರನೆಯ ದಾರಿಗೆ ಬೇ ಏರಿಯಾದ ಆಚೆಯ ಉದಾಹರಣೆ ಸಿಗುತ್ತದೆ. ಅಮೆರಿಕದ ಸರ್ಜನ್ ಜನರಲ್ ಆಗಿದ್ದ ವಿವೇಕ್ ಹಳ್ಳೇಗೆರೆ ಮೂರ್ತಿ ಅವರ ಹೆಸರಿನಲ್ಲಿ ತಂದೆಯ ಹೆಸರಿನ ‘ಮೂರ್ತಿ’ ಮನೆತನದ ಹೆಸರಾಗಿದೆ. ಮಂಡ್ಯ ಜಿಲ್ಲೆಯ ಹಳ್ಳೇಗೆರೆ ನಡುವಿನ ಹೆಸರಾಗಿ ಉಳಿದಿದೆ. ಊರು ಕೊನೆಗೆ, ಊರು ನಡುವೆ, ಊರು ಒಂದಕ್ಷರವಾಗಿ ಮೊದಲಿಗೆ ಎಂಬ ಮೂರೂ ಸಾಧ್ಯತೆಗಳು ಒಂದೇ ಪದ್ಧತಿಯಿಂದ ಒಡೆದ ಕವಲುಗಳು.

ಪಾಸ್‌ಪೋರ್ಟಿನ ಎರಡು ಖಾನೆ

ಈ ಕವಲು ಒಡೆಯುವ ಜಾಗ ಭಾರತದ ಪಾಸ್‌ಪೋರ್ಟ್. ಅದರಲ್ಲಿ ಸರ್‌ನೇಮ್‌ಗೆ ಒಂದು ಖಾನೆ, ಗಿವನ್ ನೇಮ್‌ಗೆ ಇನ್ನೊಂದು. ಇನಿಷಿಯಲ್‌ಗಳನ್ನು ಹಾಗೆಯೇ ಬರೆಯುವಂತಿಲ್ಲ, ಬಿಡಿಸಿ ಬರೆಯಬೇಕು. ಮದ್ದೂರಿನ ಶಿವಣ್ಣನವರ ಮಗ ಎಂ.ಎಸ್. ರಮೇಶ ಎಂಬೊಬ್ಬರ ಉದಾಹರಣೆ ತೆಗೆದುಕೊಂಡರೆ, ಅವರ ಮುಂದೆ ಹಲವು ದಾರಿಗಳಿವೆ. ‘ಮದ್ದೂರು’ ಎಂಬುದನ್ನು ಸರ್‌ನೇಮ್ ಮಾಡಿದರೆ ಅವರು ರಮೇಶ್ ಮದ್ದೂರು. ‘ಶಿವಣ್ಣ’ ಎಂದರೆ ರಮೇಶ್ ಶಿವಣ್ಣ. ‘ಮದ್ದೂರು ಶಿವಣ್ಣ’ ಎಂದು ಎರಡನ್ನೂ ಬರೆದರೆ ಜೋಡಿ ಹೆಸರೇ ಲಾಸ್ಟ್ ನೇಮ್ ಆಗುತ್ತದೆ. ಬಿಡಿಸಿದ ಹೆಸರುಗಳನ್ನೆಲ್ಲ ಗಿವನ್ ನೇಮ್‌ನಲ್ಲಿ ಹಾಕಿ ‘ರಮೇಶ’ ಎಂಬುದನ್ನೇ ಸರ್‌ನೇಮ್ ಮಾಡಿದರೆ ಅಮೆರಿಕದಲ್ಲಿ ಅವರನ್ನು ‘ಮದ್ದೂರು’ ಎಂದು ಕರೆಯುತ್ತಾರೆ, ಪತ್ರಗಳು ‘ಮಿಸ್ಟರ್ ರಮೇಶ್’ ಎಂದು ಬರುತ್ತವೆ. ಅಣ್ಣ ತಮ್ಮಂದಿರು ಬೇರೆ ಬೇರೆ ವರ್ಷ ಪಾಸ್‌ಪೋರ್ಟ್ ಮಾಡಿಸಿ ಬೇರೆ ಬೇರೆ ಖಾನೆ ತುಂಬಿದರೆ, ಒಂದೇ ತಾಯಿಯ ಮಕ್ಕಳಿಗೆ ಎರಡು ಲಾಸ್ಟ್ ನೇಮ್ ಆಗುತ್ತದೆ.

ಸರ್‌ನೇಮ್ ಖಾನೆಯನ್ನು ಖಾಲಿ ಬಿಟ್ಟವರಿಗೆ ಇನ್ನೊಂದು ತೊಡಕು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಅಮೆರಿಕದ ವೀಸಾ ಅದನ್ನು ಸರ್‌ನೇಮ್ ಎಂದು ಹಿಡಿಯುತ್ತದೆ. ಫಸ್ಟ್ ನೇಮ್ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಬರೆಯುತ್ತದೆ. ಫಸ್ಟ್ ನೇಮ್ ಗೊತ್ತಿಲ್ಲ ಎಂಬುದರ ಸಂಕ್ಷೇಪ ಅದು. ವೀಸಾದಲ್ಲಿ ಬಿದ್ದ ಈ ಮೂರಕ್ಷರ ಸೋಷಿಯಲ್ ಸೆಕ್ಯುರಿಟಿ ಕಾರ್ಡಿಗೂ ಚಾಲನಾ ಪರವಾನಗಿಗೂ ಕಚೇರಿಯ ಇಮೇಲ್ ವಿಳಾಸಕ್ಕೂ ಹತ್ತಿಕೊಳ್ಳುವುದುಂಟು. ಬೇ ಏರಿಯಾದ ಕಚೇರಿಗಳಲ್ಲಿ ಹೊಸಬರೊಬ್ಬರನ್ನು ‘ಫ್ನು’ ಎಂದು ಕರೆದು, ಅವರು ಅದು ತಮ್ಮ ಹೆಸರಲ್ಲ ಎಂದು ವಿವರಿಸಬೇಕಾಗಿ ಬರುವುದು ಭಾರತೀಯರಲ್ಲಿ ಎಲ್ಲರೂ ಕೇಳಿಬಲ್ಲ ಅನುಭವ. ಒಂದೇ ಹೆಸರಿನ ಪಾಸ್‌ಪೋರ್ಟಿನ ತೊಂದರೆ ಅಮೆರಿಕಕ್ಕೆ ಸೀಮಿತವಲ್ಲ. ಸಂಯುಕ್ತ ಅರಬ್ ಸಂಸ್ಥಾನ 2022ರ ನವೆಂಬರಿನಲ್ಲಿ ಅಂಥ ಪಾಸ್‌ಪೋರ್ಟಿನವರ ಪ್ರವೇಶಕ್ಕೇ ನಿರ್ಬಂಧ ಹಾಕಿ, ತಂದೆಯ ಅಥವಾ ಮನೆತನದ ಹೆಸರು ಎರಡನೆಯ ಪುಟದಲ್ಲಿದ್ದರೆ ಒಪ್ಪುವುದಾಗಿ ಆಮೇಲೆ ಹೇಳಿತು.

ಉದ್ದನೆಯ ಹೆಸರಿಗೆ ಯಂತ್ರದ ಮಿತಿಯೂ ಇದೆ. ಪಾಸ್‌ಪೋರ್ಟಿನ ಮಾಹಿತಿ ಪುಟದ ಕೆಳಗೆ ಯಂತ್ರ ಓದುವ ಎರಡು ಸಾಲುಗಳಿರುತ್ತವೆ. ಅಂತರರಾಷ್ಟ್ರೀಯ ವಿಮಾನಯಾನ ಸಂಘಟನೆಯ ನಿಯಮದಂತೆ ಒಂದೊಂದು ಸಾಲಿನಲ್ಲಿ 44 ಮನೆ. ಮೊದಲ ಸಾಲಿನ ಮೊದಲ 5 ಮನೆ ದಾಖಲೆಯ ಬಗೆಗೂ ದೇಶಕ್ಕೂ ಹೋದರೆ ಹೆಸರಿಗೆ ಉಳಿಯುವುದು 39. ಸರ್‌ನೇಮ್ ಮೊದಲು, ಎರಡು ಖಾಲಿ ಗುರುತು, ನಂತರ ಗಿವನ್ ನೇಮ್. ಇಂಗ್ಲಿಷಿನಲ್ಲಿ ‘ಚನ್ನರಾಯಪಟ್ಟಣ’ ಬರೆಯಲು 15 ಅಕ್ಷರ, ‘ಲಕ್ಷ್ಮೀನರಸಿಂಹಮೂರ್ತಿ’ ಬರೆಯಲು 22 ಅಕ್ಷರ ಬೇಕು. ನಡುವಿನ ಎರಡು ಗುರುತು ಸೇರಿ 39 ಮನೆಯೂ ತುಂಬಿಹೋಯಿತು. ತಂದೆಯ ಹೆಸರಿಗೆ ಒಂದಕ್ಷರದ ಜಾಗವೂ ಉಳಿಯುವುದಿಲ್ಲ. ಕನ್ನಡದಲ್ಲಿ ಇದೇ ಎರಡು ಹೆಸರಿಗೆ ಬೇಕಾದದ್ದು ಕ್ರಮವಾಗಿ 7 ಮತ್ತು 8 ಅಕ್ಷರ ಮಾತ್ರ. ಬೇ ಏರಿಯಾದಲ್ಲಿ ಹೆಸರುಗಳು ಮೊಟಕಾಗಲು ಉಚ್ಚಾರದ ಕಷ್ಟ ಒಂದು ಕಾರಣವಾದರೆ, ನಮೂನೆಯ ಅಳತೆ ಇನ್ನೊಂದು.

ನಿತ್ಯದ ಬಳಕೆ

ಬೇ ಏರಿಯಾದಲ್ಲಿ ಕನ್ನಡಿಗರ ಹೆಸರು ಎರಡು ಬಗೆಯಲ್ಲಿ ಬದುಕುತ್ತದೆ. ಕಚೇರಿ, ನೆರೆಹೊರೆ, ಮಕ್ಕಳ ಆಟದ ಮೈದಾನಗಳಲ್ಲಿ ಫಸ್ಟ್ ನೇಮ್ ಒಂದೇ ಸಾಕು. ಆಸ್ಪತ್ರೆ, ಬ್ಯಾಂಕು, ಶಾಲೆ, ವಿಮಾನ ನಿಲ್ದಾಣಗಳಲ್ಲಿ ಲಾಸ್ಟ್ ನೇಮ್ ಇಲ್ಲದೆ ಕೆಲಸ ನಡೆಯುವುದಿಲ್ಲ. ಔಷಧಿ ಅಂಗಡಿಯಲ್ಲಿ ಔಷಧಿ ಪಡೆಯಲು ಮೊದಲು ಕೇಳುವುದು ಲಾಸ್ಟ್ ನೇಮ್, ಆಮೇಲೆ ಹುಟ್ಟಿದ ದಿನ. ಅಲ್ಲಿ ‘ಬಸವನಬಾಗೇವಾಡಿ’ ಎಂದೋ ‘ಹೊಳೆನರಸೀಪುರ’ ಎಂದೋ ಒಂದೇ ಉಸಿರಿಗೆ ಹೇಳಿದರೆ ಬರೆದುಕೊಳ್ಳುವವರಿಗೆ ತಿಳಿಯುವುದಿಲ್ಲ. ಒಂದೊಂದೇ ಅಕ್ಷರ ಬಿಡಿಸಿ ಹೇಳುವುದು ದಿನನಿತ್ಯದ ರೂಢಿ. ಮನೆಯೊಳಗೆ ಎಂದೂ ಬಳಸದ ಹೆಸರನ್ನು ಹೊರಗೆ ದಿನಕ್ಕೊಮ್ಮೆಯಾದರೂ ಅಕ್ಷರ ಅಕ್ಷರವಾಗಿ ಹೇಳಬೇಕು.

ಕನ್ನಡಿಗರ ನಡುವೆ ಮಾತ್ರ ಹಳೆಯ ಪದ್ಧತಿ ಉಳಿದಿದೆ. ಕನ್ನಡ ಕೂಟದ ಯುಗಾದಿಯಲ್ಲೋ ರಾಜ್ಯೋತ್ಸವದಲ್ಲೋ ಹೊಸಬರ ಪರಿಚಯವಾದಾಗ ‘ನಿಮ್ಮ ಊರು ಯಾವುದು’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಲಾಸ್ಟ್ ನೇಮ್ ‘ಜಮಖಂಡಿ’ ಎಂದರೆ ಆ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಂತೆ. ಆ ಕಡೆಯವರು ಸಿಕ್ಕ ಸಂತೋಷದಲ್ಲಿ ಮಾತು ಜವಾರಿ ಧಾಟಿಗೆ ತಿರುಗುತ್ತದೆ. ಅದೇ ಕೂಟದಲ್ಲಿ ಜನ ಒಬ್ಬರನ್ನೊಬ್ಬರು ಗುರುತಿಸುವುದು ‘ಫ್ರೀಮಾಂಟ್ ಸುರೇಶ್’, ‘ಸನಿವೇಲ್ ಸುರೇಶ್’ ಎಂದು. ಒಂದೇ ಹೆಸರಿನ ಇಬ್ಬರಿದ್ದಾಗ ಈಗಿನ ಊರನ್ನು ಹೆಸರಿಗೆ ಮೊದಲು ಹಚ್ಚುವ ಈ ಬಳಕೆ ಕನ್ನಡದ ಹಳೆಯ ಕ್ರಮವೇ. ದಾಖಲೆಗಳು ಎಷ್ಟೇ ಬದಲಾದರೂ ಆಡುಮಾತಿನಲ್ಲಿ ವಿಶೇಷಣ ತನ್ನ ಜಾಗ ಬಿಟ್ಟಿಲ್ಲ.

ಕುಟುಂಬದೊಳಗೆ ಬೇರೆ ಬೇರೆ ಲಾಸ್ಟ್ ನೇಮ್ ಇರುವುದು ಇನಿಷಿಯಲ್ ಪದ್ಧತಿಯ ಇನ್ನೊಂದು ಫಲ. ಗಂಡನಿಗೆ ಊರಿನ ಹೆಸರು, ಹೆಂಡತಿಗೆ ಅವಳ ತಂದೆಯ ಹೆಸರು, ಮಗುವಿಗೆ ಗಂಡನ ಸ್ವಂತ ಹೆಸರು ಲಾಸ್ಟ್ ನೇಮ್ ಆಗಿರುವ ಮನೆಗಳು ಬೇ ಏರಿಯಾದಲ್ಲಿ ಅಪರೂಪವಲ್ಲ. ಹಳೆ ಮೈಸೂರಿನ ಕಣ್ಣಿಗೆ ಇದರಲ್ಲಿ ಏನೂ ತಪ್ಪಿಲ್ಲ: ಮಗುವಿಗೆ ತಂದೆಯ ಹೆಸರು ಬರಬೇಕಾದದ್ದೇ. ಶಾಲೆಯ ಕಚೇರಿಯಲ್ಲಿ ಮಾತ್ರ ತಂದೆ ತಾಯಿ ಮಗು ಮೂವರೂ ಒಂದೇ ಮನೆಯವರು ಎಂದು ವಿವರಿಸಬೇಕಾಗುತ್ತದೆ. ಹೆಂಗಸರ ವಿಷಯದಲ್ಲಿ ತೊಡಕು ಇನ್ನೂ ಒಂದು ಸುತ್ತು ಹೆಚ್ಚು. ಅಂಕಪಟ್ಟಿ, ಪದವಿಪತ್ರಗಳಲ್ಲಿ ತಂದೆಯ ಇನಿಷಿಯಲ್, ಮದುವೆಯ ನಂತರದ ಪಾಸ್‌ಪೋರ್ಟಿನಲ್ಲಿ ಗಂಡನ ಹೆಸರು, ಅಮೆರಿಕದ ಉದ್ಯೋಗದ ದಾಖಲೆಯಲ್ಲಿ ಪಾಸ್‌ಪೋರ್ಟಿನ ಹೆಸರು. ಇವೆಲ್ಲ ಒಬ್ಬಳದೇ ಎಂದು ತೋರಿಸುವ ಹೊಣೆ ಅವಳ ಮೇಲೆ ಬೀಳುತ್ತದೆ. ಅನೇಕರು ಓದಿನ ಕಾಲದ ಹೆಸರನ್ನೇ ಬಿಡದೆ ಉಳಿಸಿಕೊಂಡದ್ದಕ್ಕೆ ಇದೊಂದು ಕಾರಣ.

ಕರ್ನಾಟಕದಲ್ಲಿ ಆಸ್ತಿ ಇರುವವರಿಗೆ ಎರಡು ಹೆಸರಿನ ಸಮಸ್ಯೆ ಮತ್ತೆ ಎದುರಾಗುತ್ತದೆ. ಪಹಣಿಯಲ್ಲಿ ‘ರಮೇಶ ಬಿನ್ ಶಿವಣ್ಣ’ ಎಂದಿರುವವರು ಅಮೆರಿಕದ ಪಾಸ್‌ಪೋರ್ಟಿನಲ್ಲಿ ‘ರಮೇಶ್ ಮದ್ದೂರು’ ಆಗಿದ್ದರೆ, ಪಾಲು, ಕ್ರಯ, ಉಯಿಲಿನ ಹೊತ್ತಿಗೆ ಇಬ್ಬರೂ ಒಬ್ಬರೇ ಎಂಬ ಪ್ರಮಾಣಪತ್ರ ಸಲ್ಲಿಸಬೇಕಾಗುತ್ತದೆ. ವಕೀಲರ ಭಾಷೆಯಲ್ಲಿ ಇದಕ್ಕೆ ‘ಒನ್ ಅಂಡ್ ದ ಸೇಮ್’ ಅಫಿಡವಿಟ್ ಎಂದೇ ಹೆಸರು.

ಕಾಗುಣಿತ ಮತ್ತು ಅರ್ಥ

ಕನ್ನಡದ ಹೆಸರು ಇಂಗ್ಲಿಷ್ ಲಿಪಿಗೆ ಇಳಿದಾಗ ಅಕ್ಷರಗಳು ಕೆಲವು ಕಳೆದುಹೋಗುತ್ತವೆ. ‘ಮಳವಳ್ಳಿ’ಯ ಳಕಾರಗಳೆಲ್ಲ ಲಕಾರವಾಗುತ್ತವೆ, ‘ಚನ್ನರಾಯಪಟ್ಟಣ’ದ ಣಕಾರ ನಕಾರವಾಗುತ್ತದೆ. ಹ್ರಸ್ವ ದೀರ್ಘದ ಭೇದ ಉಳಿಯುವುದಿಲ್ಲ. ಕ್ಯಾಲಿಫೋರ್ನಿಯಾದ ಜನನ ಪತ್ರದಲ್ಲಿ ಬಹುಕಾಲ ಇಂಗ್ಲಿಷಿನ 26 ಅಕ್ಷರಗಳಿಗಷ್ಟೇ ಅವಕಾಶವಿತ್ತು, ಅಕ್ಷರದ ಮೇಲಿನ ಗುರುತುಗಳಿಗೆ ಇರಲಿಲ್ಲ. ಹಾಗಾಗಿ ದೀರ್ಘವನ್ನು ತೋರಿಸುವ ದಾರಿಯೂ ಮುಚ್ಚಿತ್ತು. ಕರ್ನಾಟಕದೊಳಗೇ ಕಾಗುಣಿತ ಎರಡು ಬಗೆಯದು. ದಕ್ಷಿಣದವರು ತಕಾರಕ್ಕೆ ‘ಟಿ’ ಜೊತೆ ‘ಎಚ್’ ಸೇರಿಸುತ್ತಾರೆ, ಉತ್ತರದವರಲ್ಲಿ ಅನೇಕರು ಸೇರಿಸುವುದಿಲ್ಲ. ಗೌಡ ಎಂಬುದನ್ನು ಹಳೆ ಮೈಸೂರಿನವರು ‘ಡಬ್ಲ್ಯು’ ಹಾಕಿ ಬರೆದರೆ ಉತ್ತರದವರು ‘ಯು’ ಹಾಕಿ ಬರೆಯುವುದು ಹೆಚ್ಚು. ಎರಡನೆಯ ರೂಪ ಹಾಲೆಂಡಿನ ಒಂದು ಊರಿನ, ಆ ಊರಿನಿಂದ ಹೆಸರು ಪಡೆದ ಚೀಸಿನ ಕಾಗುಣಿತವೂ ಆಗಿರುವುದರಿಂದ ಅಮೆರಿಕದಲ್ಲಿ ಅದನ್ನು ಆ ಚೀಸಿನ ಹೆಸರಿನಂತೆಯೇ ಓದುತ್ತಾರೆ. ಶಾಸನಗಳ ‘ಗಾವುಂಡ’ನಿಂದ ಇಳಿದು ಬಂದ, ಊರಿನ ಹಿರಿತನವನ್ನು ಸೂಚಿಸುವ ಹೆಸರು ಅದು ಎಂಬುದು ಅಲ್ಲಿನ ಕಿವಿಗೆ ಕೇಳಿಸುವುದಿಲ್ಲ. ಹೆಗ್ಗಡೆಯಿಂದ ಬಂದ ‘ಹೆಗಡೆ’, ಶ್ರೇಷ್ಠಿಯಿಂದ ಬಂದ ‘ಶೆಟ್ಟಿ’ಯ ಸ್ಥಿತಿಯೂ ಅಷ್ಟೇ.

ಅರ್ಥ ಕೇಳಿಸದಿರುವುದರಿಂದ ಕೆಲವರಿಗೆ ನಿರಾಳವೂ ಆಗಿದೆ. ಕರ್ನಾಟಕದಲ್ಲಿ ಅಡ್ಡಹೆಸರು ಊರು, ಕಸುಬಿನ ಜೊತೆಗೆ ಜಾತಿಯನ್ನೂ ಹೇಳುತ್ತದೆ ಅಥವಾ ಹೇಳಿದಂತೆ ತೋರುತ್ತದೆ. ಊರಿನ ಹೆಸರನ್ನು ಲಾಸ್ಟ್ ನೇಮ್ ಮಾಡಿಕೊಂಡವರಿಗೆ ಈ ಗುರುತು ತಪ್ಪುತ್ತದೆ. ಕಸುಬಿನ ಅಥವಾ ಸಮುದಾಯದ ಹೆಸರಿನವರಿಗೆ ಕನ್ನಡಿಗರ ನಡುವೆ ತಪ್ಪುವುದಿಲ್ಲ. ದಕ್ಷಿಣ ಏಷ್ಯಾದವರು ಹೆಚ್ಚಿರುವ ಕಚೇರಿಗಳಲ್ಲಿ ಅಡ್ಡಹೆಸರಿನಿಂದ ಜಾತಿ ಊಹಿಸುವ ಅಭ್ಯಾಸದ ಬಗ್ಗೆ ಕ್ಯಾಲಿಫೋರ್ನಿಯಾದಲ್ಲಿ ಬಹಿರಂಗ ಚರ್ಚೆಯೇ ನಡೆಯಿತು. ಜಾತಿ ತಾರತಮ್ಯವನ್ನು ಹೆಸರಿಸಿ ನಿಷೇಧಿಸುವ ಎಸ್‌ಬಿ 403 ಮಸೂದೆಯನ್ನು ರಾಜ್ಯದ ಶಾಸನಸಭೆ 2023ರಲ್ಲಿ ಅಂಗೀಕರಿಸಿತು. ತಾರತಮ್ಯ ವಿರೋಧಿ ಕಾನೂನು ಈಗಾಗಲೇ ಇದೆ ಎಂದು ರಾಜ್ಯಪಾಲ ಗ್ಯಾವಿನ್ ನ್ಯೂಸಮ್ ಅದೇ ವರ್ಷದ ಅಕ್ಟೋಬರಿನಲ್ಲಿ ಅದನ್ನು ತಡೆದರು. ಅಂಬಿಗ, ಮಡಿವಾಳ, ಹಡಪದ ಎಂಬ ಮಾತುಗಳನ್ನು ಶರಣರು ಕಾಯಕದ ಗೌರವವಾಗಿ ಹೆಸರಿಗೆ ಮೊದಲು ಇಟ್ಟುಕೊಂಡಿದ್ದರು. ಅದೇ ಮಾತುಗಳನ್ನು ಕೇಳಿ ಎದುರಿನವರನ್ನು ಅಳೆಯುವುದು ಆ ಪರಂಪರೆಗೆ ಮಾಡುವ ಅನ್ಯಾಯ.

ಎರಡನೆಯ ತಲೆಮಾರು

ಊರಿನ ಹೆಸರು ಮನೆತನದ ಹೆಸರಾಗಿ ನೆಲೆಯಾಗುವುದು ಬೇ ಏರಿಯಾದಲ್ಲಿ ಮಗು ಹುಟ್ಟಿದಾಗ. ಕ್ಯಾಲಿಫೋರ್ನಿಯಾದ ಕಾನೂನು ಮಗುವಿಗೆ ಯಾವ ಲಾಸ್ಟ್ ನೇಮ್ ಇಡಬೇಕು ಎಂಬುದನ್ನು ತಂದೆತಾಯಿಗಳಿಗೆ ಬಿಟ್ಟಿದೆ. ಕೆಲವರು ತಂದೆಯ ಸ್ವಂತ ಹೆಸರು ಕೊಟ್ಟು ಹಳೆಯ ಪದ್ಧತಿ ಮುಂದುವರಿಸುತ್ತಾರೆ. ಆದರೆ ಆ ಮಗುವಿನ ಮಕ್ಕಳಿಗೂ ಅದೇ ಹೆಸರು ಹೋಗುವ ಸಂಭವ ಹೆಚ್ಚಾದ್ದರಿಂದ ಪದ್ಧತಿ ಅಲ್ಲಿಗೇ ನಿಲ್ಲುತ್ತದೆ. ಕೆಲವರು ತಂದೆಯ ಲಾಸ್ಟ್ ನೇಮನ್ನೇ ಕೊಡುತ್ತಾರೆ. ಆಗ ಶಿವಣ್ಣನವರ ಹೆಸರು ಅವರನ್ನು ಎಂದೂ ನೋಡದ ಮರಿಮಕ್ಕಳ ಹೆಸರಿನಲ್ಲೂ ಉಳಿಯುತ್ತದೆ. ಕೆಲವರು ತಾಯಿಯ ಊರನ್ನು ನಡುವಿನ ಹೆಸರಾಗಿ ಇಟ್ಟು ಎರಡೂ ಕಡೆಯನ್ನು ಕಾಯುತ್ತಾರೆ.

ತಪ್ಪಾಗಿ ಬಿದ್ದ ಹೆಸರನ್ನು ತಿದ್ದಿಕೊಳ್ಳಲು ದಾರಿಗಳಿವೆ. ಅಮೆರಿಕದ ಪೌರತ್ವಕ್ಕೆ ಅರ್ಜಿ ಹಾಕುವಾಗಲೇ ಹೊಸ ಹೆಸರನ್ನು ಕೋರಬಹುದು. ನ್ಯಾಯಾಲಯದಲ್ಲಿ ನಡೆಯುವ ಪ್ರಮಾಣವಚನ ಸಮಾರಂಭದಲ್ಲಿ ಅದಕ್ಕೆ ಮುದ್ರೆ ಬೀಳುತ್ತದೆ. ‘ಎಫ್‌ಎನ್‌ಯು’ವನ್ನು ಕಳಚಿಹಾಕಲು, ಹಿಂದುಮುಂದಾದ ಹೆಸರುಗಳನ್ನು ಸರಿಮಾಡಿಕೊಳ್ಳಲು, ಮನೆಯವರೆಲ್ಲ ಒಂದೇ ಲಾಸ್ಟ್ ನೇಮಿಗೆ ಬರಲು ಈ ಅವಕಾಶ ಒದಗುತ್ತದೆ. ಇಲ್ಲವಾದರೆ ಕೌಂಟಿಯ ಸುಪೀರಿಯರ್ ಕೋರ್ಟಿಗೆ ಅರ್ಜಿ ಸಲ್ಲಿಸಿ, ಪತ್ರಿಕೆಯಲ್ಲಿ ವಾರಕ್ಕೊಮ್ಮೆಯಂತೆ 4 ವಾರ ಪ್ರಕಟಣೆ ಕೊಡಬೇಕು. ಮದುವೆಯ ಹೊತ್ತಿಗೆ ಗಂಡ ಹೆಂಡಿರಿಬ್ಬರಲ್ಲಿ ಯಾರು ಬೇಕಾದರೂ ಇನ್ನೊಬ್ಬರ ಲಾಸ್ಟ್ ನೇಮ್ ಪಡೆಯಬಹುದು, ಅಥವಾ ಎರಡನ್ನೂ ಜೋಡಿಸಬಹುದು. 2009ರಿಂದ ಜಾರಿಯಲ್ಲಿರುವ ಕ್ಯಾಲಿಫೋರ್ನಿಯಾದ ಕಾನೂನು ಇದನ್ನು ಇಬ್ಬರಿಗೂ ಸಮನಾಗಿ ಕೊಟ್ಟಿದೆ.

ಅಮೆರಿಕದ ಜನಗಣತಿ ಇಲಾಖೆ ದೇಶದಲ್ಲಿ 100 ಅಥವಾ ಅದಕ್ಕಿಂತ ಹೆಚ್ಚು ಜನರಿಗಿರುವ ಅಡ್ಡಹೆಸರುಗಳ ಪಟ್ಟಿ ಪ್ರಕಟಿಸುತ್ತದೆ. 2010ರ ಪಟ್ಟಿಯಲ್ಲಿ 1,62,253 ಹೆಸರುಗಳಿವೆ. ಗುಜರಾತಿನಿಂದ ಬಂದ ಪಟೇಲ್ ಆ ಪಟ್ಟಿಯ ಮೊದಲ 100ರೊಳಗಿದೆ. ಒಂದೇ ಒಂದು ಮನೆ ಹೊತ್ತು ತಂದ ಊರಿನ ಹೆಸರು ಅಂಥ ಪಟ್ಟಿಗೆ ಸೇರಲು ಹಲವು ತಲೆಮಾರು ಬೇಕು. ಸಂಖ್ಯೆಯಲ್ಲಿ ವಿರಳವಾದರೂ ಈ ಹೆಸರುಗಳಿಗೆ ಚರಿತ್ರೆಯ ಬೆಲೆಯಿದೆ. ಯಾವ ತಾಲ್ಲೂಕಿನಿಂದ ಯಾರು ಹೊರಟರು, ತಂದೆಯ ಹೆಸರೇನು, ಮನೆತನ ಯಾವ ಕಸುಬು ಮಾಡುತ್ತಿತ್ತು ಎಂಬ ಮಾಹಿತಿಯನ್ನು ಅವು ತಮ್ಮೊಳಗೇ ಇಟ್ಟುಕೊಂಡಿವೆ. ಹೆಸರು ದಾಖಲೆಯಲ್ಲಿ ತಾನಾಗಿ ಮುಂದುವರಿಯುತ್ತದೆ. ಅದರ ಅರ್ಥ ಹಾಗೆ ಮುಂದುವರಿಯುವುದಿಲ್ಲ, ಮನೆಯಲ್ಲಿ ಯಾರಾದರೂ ಹೇಳಬೇಕು. ಊರಿನ ಹೆಸರನ್ನು ಕನ್ನಡ ಅಕ್ಷರದಲ್ಲಿ ಬರೆಯಲು ಮಕ್ಕಳಿಗೆ ಕಲಿಸುವುದು, ಅದು ಯಾವ ಜಿಲ್ಲೆಯಲ್ಲಿದೆ, ಮನೆಗೆ ಆ ಹೆಸರು ಹೇಗೆ ಬಂತು ಎಂದು ಬರೆದಿಡುವುದು ಅಡ್ಡಹೆಸರಿನ ಜೊತೆಗೆ ಅದರ ಅರ್ಥವನ್ನೂ ದಾಟಿಸುವ ದಾರಿ. ಆ ಕೆಲಸ ಮಾಡಬಲ್ಲವರು ಇನಿಷಿಯಲ್ ಪದ್ಧತಿಯಲ್ಲಿ ಬೆಳೆದು ಲಾಸ್ಟ್ ನೇಮ್ ಪದ್ಧತಿಯಲ್ಲಿ ಮಕ್ಕಳನ್ನು ಬೆಳೆಸಿದ ಮೊದಲ ತಲೆಮಾರಿನವರು.